ಪಾಸ್‌ವರ್ಡ್ ಮರೆತರೆ ಯಾವ ಕಚೇರಿಗೆ ಹೋಗಬೇಕು?

ಪಡಿತರ ಚೀಟಿ ಕಳೆದರೆ ಆಹಾರ ಇಲಾಖೆಗೆ ಹೋಗುತ್ತೇವೆ. ಪಹಣಿ ಬೇಕಾದರೆ ನಾಡಕಚೇರಿಗೆ. ಅಂಕಪಟ್ಟಿ ಕಳೆದರೆ ಠಾಣೆಯಲ್ಲೊಂದು ದೂರು, ನೋಟರಿ ಹತ್ತಿರ ಅಫಿಡವಿಟ್ಟು, ಆಮೇಲೆ ಮಂಡಳಿಗೆ ಅರ್ಜಿ. ಓಡಾಡಿ ಚಪ್ಪಲಿ ಸವೆಯುತ್ತದೆ, ಬಸ್ ಚಾರ್ಜು ಖರ್ಚಾಗುತ್ತದೆ, ಆದರೂ ಒಂದಲ್ಲ ಒಂದು ದಿನ ನಕಲು ಪ್ರತಿ ಕೈಗೆ ಬರುತ್ತದೆ. ಕಳೆದುಹೋದ ಪ್ರತಿಯೊಂದಕ್ಕೂ ಎಲ್ಲೋ ಒಂದು ಮೂಲ ಕಡತವಿದೆ, ಅದನ್ನು ತೆಗೆದು ನೋಡುವ ಗುಮಾಸ್ತ ಇದ್ದಾನೆ ಎಂಬ ನಂಬಿಕೆ ಕೊಳ್ಳೇಗಾಲ, ಹನೂರು, ಯಳಂದೂರಿನ ಜನರಿಗೆ ಇದೆ. ತಪ್ಪು ನಂಬಿಕೆಯೇನಲ್ಲ, ಅನುಭವದಿಂದ ಬಂದದ್ದು.

ಆದರೆ ಈಗ ಮೊಬೈಲ್ ಒಳಗೆ ಸೇರಿಕೊಂಡಿರುವ ಬಹಳಷ್ಟು ಸಂಗತಿಗಳಿಗೆ ಆ ಗುಮಾಸ್ತ ಇಲ್ಲ. ಜಿ-ಮೇಲ್ ಕೈತಪ್ಪಿದರೆ ಅರ್ಜಿ ಹಾಕಲು ಚಾಮರಾಜನಗರದಲ್ಲಾಗಲಿ, ಮೈಸೂರಿನಲ್ಲಾಗಲಿ ಕಚೇರಿ ಇಲ್ಲ. ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಕಡೆ ಕಾಪಾಡುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್‌ನ ಬೀಗದ ಕೈ ಕಳೆದರಂತೂ ಅದನ್ನು ಮಾಡಿದ ಕಂಪನಿಯವರೂ ತೆರೆಯಲಾರರು. ಹಾಗಿರಬೇಕೆಂದೇ ಅದನ್ನು ಕಟ್ಟಿರುತ್ತಾರೆ. ಈ ವ್ಯತ್ಯಾಸವನ್ನು ನಮ್ಮ ಜನರಿಗೆ ಯಾರೂ ಸರಿಯಾಗಿ ಹೇಳಿಲ್ಲ ಎಂಬುದು ನಮ್ಮ ತಕರಾರು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕು, ಪೊಲೀಸರು, ಪತ್ರಿಕೆ ಎಲ್ಲರೂ ಹೇಳುತ್ತಾರೆ. ಕಳ್ಳನನ್ನು ಹೊರಗಿಡುವ ಪಾಠ ಬೇಕಾದಷ್ಟಾಗಿದೆ. ಮನೆಯ ಯಜಮಾನನೇ ಹೊರಗೆ ಉಳಿದರೆ ಒಳಗೆ ಬರುವುದು ಹೇಗೆ ಎಂಬ ಪಾಠ ಇನ್ನೂ ಶುರುವಾಗಿಲ್ಲ.

ನಾವು ಈ ಮೂರು ತಾಲ್ಲೂಕುಗಳಲ್ಲಿ ಸುದ್ದಿಗೆ ಓಡಾಡುವವರು. ಸುದ್ದಿಗೆ ಹೋದಲ್ಲೆಲ್ಲ ಕೈಗೊಂದು ಮೊಬೈಲ್ ಕೊಟ್ಟು ‘ಇದೊಸಿ ನೋಡಿ ಸಾ’ ಅನ್ನುವವರು ಸಿಗುತ್ತಾರೆ. ಪೇಪರಿನವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ಔದಾರ್ಯ ಜನರದು. ನೋಡಿದರೆ ಹತ್ತರಲ್ಲಿ ಏಳೆಂಟು ಸಲ ಒಂದೇ ಕತೆ: ಖಾತೆ ಇದೆ, ಒಳಗೆ ಹೋಗಲು ಆಗುತ್ತಿಲ್ಲ. ಪಾಸ್‌ವರ್ಡ್ ಗೊತ್ತಿಲ್ಲ, ಒಟಿಪಿ ಹೋಗುವ ನಂಬರ್ ಬೇರೆ ಯಾರದೋ.

ಯಳಂದೂರು ಕಡೆಯ ಒಬ್ಬ ಪದವಿ ವಿದ್ಯಾರ್ಥಿನಿಯ ವಿಷಯ ಹೇಳಬೇಕು. ಆಕೆಯ ವಿದ್ಯಾರ್ಥಿವೇತನದ ಖಾತೆಯನ್ನು ಪಿಯುಸಿಯಲ್ಲಿದ್ದಾಗ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದರು. ಅಪ್ಪನ ಬಳಿ ಇದ್ದದ್ದು ಕೀಪ್ಯಾಡ್ ಮೊಬೈಲ್, ಅವತ್ತು ಅದರಲ್ಲಿ ಚಾರ್ಜ್ ಇರಲಿಲ್ಲ. ರಶ್ಶು ಬೇರೆ. ಅಂಗಡಿಯ ಹುಡುಗ ತನ್ನದೇ ನಂಬರ್ ಹಾಕಿ ಕೆಲಸ ಮುಗಿಸಿದ. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಎರಡು ವರ್ಷದ ಮೇಲೆ ನವೀಕರಣಕ್ಕೆ ಹೋದಾಗ ಅಂಗಡಿಯ ಜಾಗದಲ್ಲಿ ಚಿಕನ್ ಸೆಂಟರ್ ಬಂದಿತ್ತು. ಹುಡುಗ ಬೆಂಗಳೂರಿನಲ್ಲಿದ್ದಾನೆ ಎಂದಷ್ಟೇ ಗೊತ್ತು. ಹೇಗೋ ನಂಬರ್ ಹುಡುಕಿ ಫೋನ್ ಮಾಡಿದರೆ, ‘ಆ ಸಿಮ್ಮು ಈಗ ಇಲ್ಲ ಕನಕ್ಕ, ರೀಚಾರ್ಜ್ ಮಾಡ್ದೆ ಬುಟ್ಬುಟ್ಟಿ’ ಎಂದ. ಆ ವರ್ಷದ ವೇತನ ಆಕೆಗೆ ಬರಲಿಲ್ಲ. ಶುಲ್ಕಕ್ಕೆ ಮನೆಯವರು ಒಂದು ಹಸು ಮಾರಿದರು.

ರೀಚಾರ್ಜ್ ಮಾಡದೆ ಬಿಟ್ಟ ಸಿಮ್ಮಿನ ಗತಿ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು. ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ 90 ದಿನ ಬಿದ್ದಿರುವ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು. ಖಾತೆಯಲ್ಲಿ 20 ರೂಪಾಯಿ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ನಂಬರ್ ಉಳಿಸುವ ವ್ಯವಸ್ಥೆ 2013ರಿಂದ ಇದೆ, ಆದರೆ ಊರಲ್ಲಿ ಕೇಳಿದರೆ ಹೂಂ ಅನ್ನುವವರು ಕಡಿಮೆ. ನಿಷ್ಕ್ರಿಯವಾದ ನಂಬರ್ ಅಲ್ಲಿಗೇ ಸಾಯುವುದಿಲ್ಲ, ಮತ್ತೊಬ್ಬರಿಗೆ ಹೋಗುತ್ತದೆ. ಕನಿಷ್ಠ 90 ದಿನ ಹೊಸಬರಿಗೆ ಕೊಡುವುದಿಲ್ಲ ಎಂದು ಟ್ರಾಯ್ ಸುಪ್ರೀಂ ಕೋರ್ಟ್‌ಗೆ ತಿಳಿಸಿತ್ತು, 2023ರ ನವೆಂಬರ್‌ನಲ್ಲಿ ಆ ಪ್ರಕರಣ ಮುಗಿಯಿತು. ಅಂದರೆ ಆರೇಳು ತಿಂಗಳು ಕಳೆದ ಮೇಲೆ ನಿಮ್ಮ ಹಳೆಯ ನಂಬರಿಗೆ ಬರುವ ಒಟಿಪಿ ಯಾವುದೋ ಊರಿನ ಯಾರದೋ ಜೇಬಿನಲ್ಲಿ ಟಿಣ್ ಅನ್ನಬಹುದು.

ಹನೂರು ತಾಲ್ಲೂಕಿನಿಂದ ಕೂಲಿಗೆ ಕೊಡಗಿನ ತೋಟಗಳಿಗೆ, ತಿರುಪ್ಪೂರಿಗೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗುವವರು ಎಷ್ಟು ಮಂದಿ ಎಂದು ನೆನೆಯಿರಿ. ಹೋದ ಕಡೆ ಯಾವ ಕಂಪನಿಯ ಟವರ್ ಸಿಗುತ್ತದೋ ಆ ಸಿಮ್. ಆಫರ್ ಬಂದರೆ ಇನ್ನೊಂದು ಸಿಮ್. ಗೋಪಿನಾಥಂ, ಪಾಲಾರ್ ಕಡೆ ತಮಿಳುನಾಡಿನ ಟವರೇ ಹತ್ತಿರ. ಬೆಟ್ಟದ ಸುತ್ತಿನ ಕಾಡಂಚಿನ ಊರುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತಬೇಕು. ಒಟಿಪಿ ಬರುವಷ್ಟರಲ್ಲಿ ಅದರ ಹತ್ತು ನಿಮಿಷ ಮುಗಿದಿರುತ್ತದೆ. ಒಂದೇ ನಂಬರನ್ನು ಹತ್ತು ವರ್ಷ ಇಟ್ಟುಕೊಂಡು, ಸದಾ ನೆಟ್‌ವರ್ಕ್ ಒಳಗೆ ಕೂತಿರುವ ಪಟ್ಟಣದ ಮನುಷ್ಯನನ್ನು ಕಣ್ಣೆದುರು ಇಟ್ಟುಕೊಂಡು ಈ ಇಡೀ ವ್ಯವಸ್ಥೆಯನ್ನು ಕಟ್ಟಿದ್ದಾರೆ. ನಮ್ಮ ಪೊನ್ನಾಚಿ, ಮಾರ್ಟಳ್ಳಿ ಕಡೆಯ ಜನ ಅವರ ಲೆಕ್ಕಕ್ಕೆ ಬಂದಿಲ್ಲ.

ಜಾತ್ರೆಯಲ್ಲಿ ಮೊಬೈಲ್ ಕಳೆದುಕೊಂಡವರ ಪಾಡು ಇನ್ನೊಂದು ಬಗೆ. ಕಳೆದ ಮೊಬೈಲನ್ನು ಬ್ಲಾಕ್ ಮಾಡಿಸಲು ಕೇಂದ್ರ ಸರ್ಕಾರದ ಸಿಇಐಆರ್ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ಅಲ್ಲಿ ಅರ್ಜಿ ಹಾಕಲು ಒಟಿಪಿ ಬೇಕು, ಒಟಿಪಿಗೆ ಅದೇ ನಂಬರಿನ ಹೊಸ ಸಿಮ್ ಬೇಕು, ಹೊಸ ಸಿಮ್ ಹಾಕಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಈ 24 ಗಂಟೆಯ ತಡೆ ಸಿಮ್ ಕದಿಯುವ ವಂಚಕರನ್ನು ತಡೆಯಲು ಇಟ್ಟದ್ದು, ಅದು ಬೇಡ ಎನ್ನುವುದಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಮೊಬೈಲ್ ಕಳೆದುಕೊಂಡವನಿಗೆ ಮಾರನೇ ದಿನವೂ ಕೈಯಲ್ಲಿ ಯಾವ ಕೀಲಿಯೂ ಇರುವುದಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇವೆ.

ಹೀಗಾಗಿ ನಮ್ಮ ತಾಲ್ಲೂಕುಗಳಲ್ಲಿ ಜನ ತಮಗೆ ತಾವೇ ಒಂದು ಪರಿಹಾರ ಕಂಡುಕೊಂಡಿದ್ದಾರೆ. ಅದು ಕಂಪ್ಯೂಟರ್ ಅಂಗಡಿಯ ಅಣ್ಣನ ಲಾಂಗ್ ನೋಟ್‌ಬುಕ್ಕು. ಹೋಬಳಿ ಕೇಂದ್ರದ ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಹೆಸರು, ಊರು, ಆಧಾರ್ ನಂಬರಿನ ಕೊನೆಯ ನಾಲ್ಕು ಅಂಕಿ, ಜಿ-ಮೇಲ್ ಐಡಿ, ಪಕ್ಕದಲ್ಲಿ ಪಾಸ್‌ವರ್ಡ್, ಎಲ್ಲ ನೀಲಿ ಇಂಕಿನಲ್ಲಿ. ಹೆಚ್ಚಿನ ಪಾಸ್‌ವರ್ಡುಗಳು ಹೆಸರು, ಒಂದು ಆ್ಯಟ್ ಗುರುತು, ಆಮೇಲೆ 123. ನಿಜ ಹೇಳಬೇಕೆಂದರೆ ಈ ಮೂರು ತಾಲ್ಲೂಕಿನ ಅತಿ ದೊಡ್ಡ ಪಾಸ್‌ವರ್ಡ್ ಮ್ಯಾನೇಜರ್ ಆ ಅಣ್ಣನೇ. ಅವನನ್ನು ಗೇಲಿ ಮಾಡುವುದು ಸುಲಭ. ಆದರೆ ರೈತನ ಎಫ್‌ಐಡಿ, ಗೃಹಲಕ್ಷ್ಮಿ ಅರ್ಜಿ, ಸಿಇಟಿ ಲಾಗಿನ್, ಎಲ್ಲವನ್ನೂ ಕಾಪಾಡಿಕೊಂಡು ಬಂದವನು ಅವನೇ, ಸರ್ಕಾರ ಅಲ್ಲ. ತೊಂದರೆ ಇರುವುದು ಆ ಪುಸ್ತಕಕ್ಕೆ ಇನ್ನೊಂದು ಪ್ರತಿ ಇಲ್ಲದಿರುವುದರಲ್ಲಿ. ಅಂಗಡಿ ಮುಚ್ಚಿದರೆ, ಸೋರುವ ಮಾಡಿನ ಕೆಳಗೆ ಪುಸ್ತಕ ನೆನೆದರೆ, ಅಣ್ಣನಿಗೂ ನಿಮಗೂ ಪಂಚಾಯಿತಿ ಚುನಾವಣೆಯಲ್ಲಿ ಮನಸ್ತಾಪವಾದರೆ ಮುಗಿಯಿತು. ಪುಸ್ತಕ ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಉತ್ತರವೇ? ಓದುವ ಹುಡುಗರು, ಅಂಗನವಾಡಿ ಮೇಲ್ವಿಚಾರಕಿಯರು, ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರುಗಳು, ಸೀರೆಯ ಫೋಟೊ ಹಾಕಿ ಮಾರುವ ಕೊಳ್ಳೇಗಾಲದ ರೇಷ್ಮೆ ಮಗ್ಗದವರು, ನಮ್ಮಂಥ ವರದಿಗಾರರು, ಇಪ್ಪತ್ತು ಮೂವತ್ತು ಖಾತೆ ಇರುವ ಇವರಿಗೆಲ್ಲ ಹೌದು ಎನ್ನುತ್ತೇವೆ. ಆದರೆ ಒಂದು ಷರತ್ತಿನ ಮೇಲೆ: ಪೆಟ್ಟಿಗೆಗೆ ಬೀಗ ಹಾಕುವ ದಿನವೇ ಎರಡನೇ ಕೀಲಿ ಮಾಡಿಸಬೇಕು. ಆಮೇಲೆ ಮಾಡಿಸುತ್ತೇನೆ ಎಂದರೆ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂದರೆ ಇದು ಕೆಲಸ ಮಾಡುವ ರೀತಿ ಹಾಗಿದೆ. ನೀವು ಇಟ್ಟ ಮಾಸ್ಟರ್ ಪಾಸ್‌ವರ್ಡಿನಿಂದ ನಿಮ್ಮ ಮೊಬೈಲಿನಲ್ಲೇ ಒಂದು ಕೀಲಿ ತಯಾರಾಗುತ್ತದೆ. ಆ ಕೀಲಿಯಿಂದ ಬೀಗ ಹಾಕಿದ ಗಂಟು ಮಾತ್ರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಮಾಸ್ಟರ್ ಪಾಸ್‌ವರ್ಡ್ ಕಂಪನಿಗೆ ಹೋಗುವುದೇ ಇಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪನಿಯಿಂದ ಗ್ರಾಹಕರ ಇಂಥ ಗಂಟುಗಳೇ ಕಳುವಾದವು. ಮಾಸ್ಟರ್ ಪಾಸ್‌ವರ್ಡ್ ಗಟ್ಟಿಯಾಗಿದ್ದವರ ಗಂಟು ಬಿಚ್ಚುವುದು ಕಳ್ಳರಿಗೆ ಬಹಳ ಕಷ್ಟ, ಸಡಿಲವಾಗಿದ್ದವರದು ಸುಲಭ. ಅಂದರೆ ಕಂಪನಿಗೆ ನಿಮ್ಮ ಕೀಲಿ ಗೊತ್ತಿಲ್ಲದಿರುವುದೇ ನಿಮ್ಮ ರಕ್ಷಣೆ. ಅದೇ ಕಾರಣಕ್ಕೆ ‘ಪಾಸ್‌ವರ್ಡ್ ಮರೆತಿರಾ?’ ಎಂದು ಒತ್ತಿದರೆ ಅವರು ಹೊಸದು ಕೊಡಲಾರರು. ಬಿಟ್‌ವಾರ್ಡನ್‌ನಲ್ಲಿ ಮಾಸ್ಟರ್ ಪಾಸ್‌ವರ್ಡ್ ಮರೆತರೆ, ಮೊದಲೇ ನೀವು ಬರೆದಿಟ್ಟ ಸುಳಿವನ್ನು ಮೇಲ್ ಮಾಡುತ್ತಾರೆ. ಅದೂ ನೆನಪಿಗೆ ತರದಿದ್ದರೆ, ಬೇರೆ ಏರ್ಪಾಡೂ ಮಾಡಿಕೊಂಡಿಲ್ಲದಿದ್ದರೆ, ಖಾತೆ ಅಳಿಸಿ ಹೊಸದು ಶುರು ಮಾಡಿ ಎನ್ನುತ್ತಾರೆ. ಒಳಗಿದ್ದದ್ದು ಹೋಯಿತು.

ಇಲ್ಲಿ ಓದಿಕೊಂಡವರೂ ಎಡವುವ ಒಂದು ಜಾಗವಿದೆ. ಬಿಟ್‌ವಾರ್ಡನ್ ಒಂದು ರಿಕವರಿ ಕೋಡ್ ಕೊಡುತ್ತದೆ. ಹೆಸರು ನೋಡಿ, ಅದೊಂದಿದ್ದರೆ ಮಾಸ್ಟರ್ ಪಾಸ್‌ವರ್ಡ್ ಮರೆತರೂ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ಎರಡನೇ ಹಂತದ ಪರಿಶೀಲನೆಯನ್ನು, ಅಂದರೆ ಅಥೆಂಟಿಕೇಟರ್ ಇದ್ದ ಮೊಬೈಲ್ ಕಳೆದಾಗ ಆ ಹಂತವನ್ನು, ತೆಗೆದುಹಾಕಲು ಮಾತ್ರ. ಮಾಸ್ಟರ್ ಪಾಸ್‌ವರ್ಡ್ ಆಗಲೂ ಬೇಕೇ ಬೇಕು. ಹಟ್ಟಿಯ ಬಾಗಿಲಿಗೂ ಒಳಮನೆ ಬಾಗಿಲಿಗೂ ಬೇರೆ ಬೇರೆ ಬೀಗ ಇದ್ದಂತೆ, ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ.

ಅದೇ ಆ್ಯಪ್‌ನಲ್ಲಿ ತುರ್ತು ಪ್ರವೇಶ ಎಂಬ ಇನ್ನೊಂದು ದಾರಿ ಇದೆ. ನಮಗೆ ಬಹಳ ಹಿಡಿಸಿದ್ದು ಇದು. ನೀವು ನಂಬುವ ಒಬ್ಬರನ್ನು ಮೊದಲೇ ಹೆಸರಿಸುತ್ತೀರಿ. ನಾಳೆ ಅವರು ಪ್ರವೇಶ ಕೇಳಿದರೆ ನಿಮಗೆ ಸೂಚನೆ ಬರುತ್ತದೆ. ಒಂದು ದಿನದಿಂದ 90 ದಿನದವರೆಗೆ ನೀವೇ ಇಟ್ಟ ಗಡುವಿನೊಳಗೆ ನೀವು ಬೇಡ ಅನ್ನದಿದ್ದರೆ ಅವರಿಗೆ ಬಾಗಿಲು ತೆರೆಯುತ್ತದೆ. ನೋಡಲಷ್ಟೇ ಬಿಡಬಹುದು, ಇಲ್ಲವೇ ಹೊಸ ಮಾಸ್ಟರ್ ಪಾಸ್‌ವರ್ಡ್ ಇಡುವ ಅಧಿಕಾರವನ್ನೂ ಕೊಡಬಹುದು. ಹೆಸರಿಸುವವರು ದುಡ್ಡು ಕಟ್ಟಿದ ಖಾತೆಯವರಾಗಿರಬೇಕು, ಹೆಸರಿಸಿಕೊಂಡವರದು ಪುಕ್ಕಟೆ ಖಾತೆಯಾದರೂ ಆದೀತು. ಒನ್‌ಪಾಸ್‌ವರ್ಡ್ ಎಂಬ ಆ್ಯಪ್ ಖಾತೆ ತೆರೆದ ದಿನವೇ ‘ಎಮರ್ಜೆನ್ಸಿ ಕಿಟ್’ ಎಂಬ ಒಂದು ಹಾಳೆ ಕೊಟ್ಟು, ಪ್ರಿಂಟ್ ತೆಗೆದು ಪಾಸ್‌ವರ್ಡ್ ಬರೆದು ಭದ್ರವಾಗಿಡಿ ಎನ್ನುತ್ತದೆ. 2024ರಿಂದ ಅದೂ ರಿಕವರಿ ಕೋಡ್ ಕೊಡುತ್ತಿದೆ. ಅದನ್ನು ಬಳಸಲು ಮೇಲ್ ಖಾತೆಯೂ ಕೈಯಲ್ಲಿರಬೇಕು. ಕೀಪಾಸ್ ಬಳಸುವವರು ಫೈಲನ್ನು ತಾವೇ ಕಾಪಾಡಿಕೊಳ್ಳಬೇಕು, ಅಲ್ಲಿ ಕಂಪನಿಯೂ ಇಲ್ಲ, ಕೇಳುವವರೂ ಇಲ್ಲ.

ಮೇಲ್ ಖಾತೆ ಕೈಯಲ್ಲಿರಬೇಕು ಎಂದೆವಲ್ಲ, ಅಲ್ಲೊಂದು ಸುತ್ತು ಇದೆ. ಜಿ-ಮೇಲ್ ಪಾಸ್‌ವರ್ಡ್ ಇರುವುದು ಮ್ಯಾನೇಜರ್ ಒಳಗೆ. ಮ್ಯಾನೇಜರ್ ತೆರೆಯಲು ಜಿ-ಮೇಲ್ ಬೇಕು. ಎರಡಕ್ಕೂ ಬೇಕಾದ ಅಥೆಂಟಿಕೇಟರ್ ಇರುವುದು ಕಳೆದುಹೋದ ಮೊಬೈಲಿನಲ್ಲಿ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ. ಆದ್ದರಿಂದ ಜಿ-ಮೇಲಿನ ಪಾಸ್‌ವರ್ಡ್ ಮತ್ತು ಮಾಸ್ಟರ್ ಪಾಸ್‌ವರ್ಡ್, ಇವೆರಡು ಮೊಬೈಲಿನ ಹೊರಗೆ ಎಲ್ಲಾದರೂ ಇರಲೇಬೇಕು.

ನಾವು ಯಾವ ಮ್ಯಾನೇಜರನ್ನೂ ಬಳಸುವುದಿಲ್ಲ ಎನ್ನುವವರೂ ಬಳಸುತ್ತಿರುತ್ತಾರೆ. ಕ್ರೋಮ್‌ನಲ್ಲಿ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕೇಳಿದಾಗ ಹೂಂ ಒತ್ತಿದ ಪ್ರತಿಯೊಬ್ಬರ ಪಾಸ್‌ವರ್ಡುಗಳೂ ಗೂಗಲ್ ಖಾತೆಯಲ್ಲಿ ಕೂತಿವೆ. ಆಂಡ್ರಾಯ್ಡ್ ಮೊಬೈಲೇ ತುಂಬಿರುವ ನಮ್ಮ ಕಡೆ ಇದು ಎಲ್ಲಕ್ಕಿಂತ ಮುಖ್ಯ. ಈ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಗೂಗಲ್ ಎಂಟೆಂಟು ಅಂಕಿಯ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ. ಒಂದೊಂದನ್ನು ಒಂದೇ ಸಲ ಬಳಸಬಹುದು. ಹೊಸ ಪಟ್ಟಿ ತೆಗೆದರೆ ಹಳೆಯ ಪಟ್ಟಿ ರದ್ದು. ಇದಕ್ಕೆ ಸಿಮ್ ಬೇಡ, ನೆಟ್‌ವರ್ಕಿಗಾಗಿ ಬಂಡೆ ಹತ್ತಿ ಒಟಿಪಿ ಕಾಯುವ ಕೆಲಸವೂ ಇಲ್ಲ. ಪುಟ್ಟ ಚೀಟಿ ಸಾಕು. 2025ರ ಅಕ್ಟೋಬರಿನಲ್ಲಿ ಗೂಗಲ್ ಇನ್ನೊಂದು ದಾರಿ ತೆರೆಯಿತು: ನಂಬಿಕೆಯ ಕೆಲವರನ್ನು ರಿಕವರಿ ಕಾಂಟ್ಯಾಕ್ಟ್ ಆಗಿ ಹೆಸರಿಸಿದರೆ, ನೀವು ಹೊರಗೆ ಉಳಿದಾಗ ಇದು ಇವರೇ ಎಂದು ಅವರು ದೃಢಪಡಿಸಬಹುದು. ಅವರಿಗೆ ನಿಮ್ಮ ಮೇಲ್ ಓದಲು ಬರುವುದಿಲ್ಲ. ಊರ ಪಂಚರು ‘ಇವ ನಮ್ಮ ಹುಡುಗ’ ಎಂದು ಸಾಕ್ಷಿ ಹೇಳುವ ಪದ್ಧತಿ ನಮಗೆ ಹೊಸದೇನಲ್ಲ, ಇದನ್ನು ಅರ್ಥ ಮಾಡಿಸುವುದು ಕಷ್ಟವಾಗಲಾರದು.

ಈಗ ಚೀಟಿಯ ಮಾತಿಗೆ ಬರೋಣ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂಬ ಉಪದೇಶವನ್ನು ನಾವು ಒಪ್ಪುವುದಿಲ್ಲ. ಹತ್ತು ಜನ ಓಡಾಡುವ ಆಫೀಸಿನ ಕಂಪ್ಯೂಟರಿಗೆ ಚೀಟಿ ಅಂಟಿಸುವವರಿಗಾಗಿ ಹುಟ್ಟಿದ ಮಾತು ಅದು. ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ, ಗಟ್ಟಿ ಪಾಸ್‌ವರ್ಡ್ ಇಟ್ಟು ಅದನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಸಣ್ಣ ಕಾಗದಗಳನ್ನು ಕಾಪಾಡುವುದು ನಮಗೆಲ್ಲ ಚೆನ್ನಾಗಿ ಬರುತ್ತದೆ ಎಂಬರ್ಥದ ಸಲಹೆ ಕೊಟ್ಟಿದ್ದರು. ಕಾಗದ ಕಾಪಾಡುವುದನ್ನು ನಮ್ಮ ಜನರಿಗೆ ಅಮೆರಿಕದವರು ಹೇಳಿಕೊಡಬೇಕಾಗಿಲ್ಲ ಬಿಡಿ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಕಾಲದ ಜಮೀನಿನ ಕಾಗದವನ್ನು ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇವತ್ತಿಗೂ ಇಟ್ಟುಕೊಂಡಿರುವ ಮನೆಗಳಿವೆ. ಓದಲು ಬರುವವರು ಮನೆಯಲ್ಲಿ ಇಲ್ಲದಿದ್ದರೂ ಕಾಗದ ಇದೆ. ಸೋಲಿಗರ ಪೋಡಿನಲ್ಲಿ ಅರಣ್ಯ ಹಕ್ಕು ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೂರಿಗೆ ಸಿಕ್ಕಿಸಿಟ್ಟಿದ್ದನ್ನು ನೋಡಿದ್ದೇವೆ. ಹತ್ತು ಬ್ಯಾಕಪ್ ಕೋಡ್ ಇರುವ ಚೀಟಿಗೂ ಅಲ್ಲೇ ಜಾಗ ಮಾಡಬಹುದು. ರಷ್ಯಾದಲ್ಲೋ ನೈಜೀರಿಯಾದಲ್ಲೋ ಜಾಮ್ತಾರಾದಲ್ಲೋ ಕೂತ ವಂಚಕ ಕೌದಳ್ಳಿಯ ಟ್ರಂಕಿಗೆ ಕೈ ಹಾಕಲಾರ.

ಟ್ರಂಕಿಗೆ ಕೈ ಹಾಕಬಲ್ಲವರು ಮನೆಯವರು. ಇದನ್ನು ಮುಚ್ಚಿಟ್ಟು ಮುಂದೆ ಹೋಗುವಂತಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಹೆಸರಿಗೆ ಬರುತ್ತದೆ, ಎಷ್ಟೋ ಕಡೆ ಖಾತೆಗೆ ಜೋಡಿಸಿದ ನಂಬರ್ ಗಂಡನದೋ ಮಗನದೋ. ಕುಡಿಯುವ ಗಂಡನಿರುವ ಮನೆಯಲ್ಲಿ ‘ಕೋಡನ್ನು ಟ್ರಂಕಿನಲ್ಲಿಡಿ’ ಎನ್ನುವುದು ಆಕೆಗೆ ಬುದ್ಧಿವಾದವಲ್ಲ, ಅಪಾಯ. ಆಕೆಗೆ ಬೇಕಾದದ್ದು ತವರಿನಲ್ಲಿರುವ ಅಕ್ಕ, ಸ್ತ್ರೀಶಕ್ತಿ ಸಂಘದ ನಂಬಿಕೆಯ ಗೆಳತಿ. ಚೀಟಿ ಅಲ್ಲಿರಲಿ. ರಿಕವರಿ ನಂಬರ್ ಆ ಅಕ್ಕನದಿರಲಿ. ತುರ್ತು ಪ್ರವೇಶದಲ್ಲಿ ಗಡುವು ಇದ್ದು ‘ಬೇಡ’ ಅನ್ನುವ ಅವಕಾಶ ಇರುವುದು ನಮಗೆ ಹಿಡಿಸಿದ್ದು ಇದಕ್ಕೇ. ಒಬ್ಬರನ್ನು ನಂಬುವುದಕ್ಕೂ ಅವರ ಕೈಗೆ ಪೂರ್ತಿ ಕೊಟ್ಟುಬಿಡುವುದಕ್ಕೂ ನಡುವೆ ಒಂದು ಜಾಗ ಅಲ್ಲಿದೆ.

ಮಾದಪ್ಪನ ಬೆಟ್ಟದ ಹುಂಡಿ ಎಣಿಕೆಯ ಸುದ್ದಿ ಬರೆಯುವಾಗೆಲ್ಲ ನಮಗೆ ಇದು ನೆನಪಾಗುತ್ತದೆ. ಹುಂಡಿಯನ್ನು ಯಾರೋ ಒಬ್ಬರೇ ಹೋಗಿ ತೆಗೆಯುವುದಿಲ್ಲ. ಪ್ರಾಧಿಕಾರದವರು, ಬ್ಯಾಂಕಿನವರು, ಪೊಲೀಸರು, ಕ್ಯಾಮೆರಾ ಎಲ್ಲ ಇರಬೇಕು. ಬ್ಯಾಂಕಿನ ಲಾಕರಿಗೂ ಎರಡು ಕೀಲಿ. ದೊಡ್ಡ ದುಡ್ಡಿಗೆ ಇರುವ ಈ ಎಚ್ಚರ ಬಡವರ ಖಾತೆಗೆ ಬಂದಾಗ ಮಾತ್ರ ಒಂದು ಸಿಮ್ಮಿಗೆ ಇಳಿದುಬಿಡುತ್ತದೆ.

ಸಾವಿನ ಮಾತನ್ನೂ ಆಡಬೇಕು. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಕೊಂಡರು ಎಂದು ಮೊದಲು ಲೆಕ್ಕ ಬಂತು. ಸತ್ತವರ ಸಂಖ್ಯೆ ಅದಕ್ಕಿಂತ ಹೆಚ್ಚು ಎಂದು ಆಮೇಲಿನ ವಿಚಾರಣಾ ಸಮಿತಿ ಹೇಳಿತು. ಆ ವರ್ಷ ಕೋವಿಡ್‌ನಿಂದ ಸತ್ತವರ ಮನೆಗಳಿಗೆ ನಾವು ಹೋದಾಗ ಕೆಲವು ಕಡೆ ಒಂದೇ ದೃಶ್ಯ: ಗೂಡಿನಲ್ಲಿ ಸತ್ತವರ ಮೊಬೈಲು, ಅದರ ಮೇಲೆ ಪ್ಯಾಟರ್ನ್ ಲಾಕು. ಪರೀಕ್ಷೆಯ ಎಸ್‌ಆರ್‌ಎಫ್ ಐಡಿ ಬಂದಿದ್ದು ಆ ಮೊಬೈಲಿಗೆ ಎಸ್ಸೆಮ್ಮೆಸ್ ಆಗಿ. ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರ ಘೋಷಿಸಿದಾಗ ದಾಖಲೆ ಹುಡುಕುತ್ತ ಕೂತ ಹೆಂಡತಿ ಮಕ್ಕಳಿಗೆ ಗಂಡ ಎಳೆಯುತ್ತಿದ್ದ ಆ ಗೆರೆ ಗೊತ್ತಿರಲಿಲ್ಲ. ಸಿಮ್ ತೆಗೆದು ಬೇರೆ ಮೊಬೈಲಿಗೆ ಹಾಕಿ, ಆಸ್ಪತ್ರೆಗೆ ಅಲೆದು, ಹೇಗೋ ಕಾಗದ ಹೊಂದಿಸಿದರು. ಕೊನೆಗಾಲದ ಫೋಟೊಗಳು, ಆಸ್ಪತ್ರೆಯಿಂದ ಕಳಿಸಿದ ವಾಯ್ಸ್ ಮೆಸೇಜುಗಳು ಒಳಗೇ ಉಳಿದವು.

ಇದಕ್ಕೂ ಈಗ ದಾರಿ ಇದೆ, ಬಳಸುವವರಿಲ್ಲ. ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬ ಸೌಲಭ್ಯ ಇದೆ. ಖಾತೆ 3, 6, 12 ಅಥವಾ 18 ತಿಂಗಳು ಸುಮ್ಮನೆ ಬಿದ್ದಿದ್ದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ಮೊದಲೇ ಬರೆದಿಡಬಹುದು. ಆಪಲ್ ಮೊಬೈಲಿನವರಿಗೆ ಲೆಗಸಿ ಕಾಂಟ್ಯಾಕ್ಟ್ 2021ರಿಂದ ಇದೆ. ಎರಡು ವರ್ಷ ಬಳಸದ ಜಿ-ಮೇಲ್ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರು ಮಾಡಿದೆ. ಆದ್ದರಿಂದ ‘ಮೊಬೈಲು ಗೂಡಲ್ಲೇ ಇರಲಿ, ಮಗ ದೊಡ್ಡವನಾದ ಮೇಲೆ ತೆಗೀತಾನೆ’ ಎನ್ನುವುದೂ ನಡೆಯುವುದಿಲ್ಲ.

ಇಷ್ಟೆಲ್ಲ ಜನರ ತಲೆಗೇ ಕಟ್ಟಿ ಸುಮ್ಮನಾಗುವುದು ಸರಿಯಲ್ಲ. ಸರ್ಕಾರದ ಯಾವುದೇ ಪೋರ್ಟಲ್ ಇರಲಿ, ಮೊಬೈಲ್ ನಂಬರ್ ಸತ್ತವನಿಗೆ ಗುರುತಿನ ಚೀಟಿ ಹಿಡಿದು ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ನಂಬರ್ ಬದಲಿಸಿಕೊಳ್ಳುವ ದಾರಿ ಇರಲೇಬೇಕು. ಅದೂ ಇಂತಿಷ್ಟು ದಿನದೊಳಗೆ ಎಂಬ ಗಡುವಿನೊಂದಿಗೆ. ಕಂಪನಿಗೆ ಕೀಲಿ ಗೊತ್ತಿಲ್ಲ, ಅದು ಕೊಡಲಾರದು, ಒಪ್ಪೋಣ. ಸರ್ಕಾರಕ್ಕೆ ಆ ಸಬೂಬು ಇಲ್ಲ, ಅದರ ಬಳಿ ಕಡತ ಇದೆ. ಯಳಂದೂರಿನ ಆ ಹುಡುಗಿ ಆಧಾರ್ ಕಾರ್ಡು, ಅಂಕಪಟ್ಟಿ, ಕಾಲೇಜಿನ ಪತ್ರ ಎಲ್ಲ ಹಿಡಿದು ನಿಂತಿದ್ದಳು. ಎದುರಿಗೆ ಕೂತವರಿಗೆ ಅವಳು ಯಾರೆಂಬ ಅನುಮಾನವೇ ಇರಲಿಲ್ಲ. ಆದರೂ ಕಂಪ್ಯೂಟರ್ ಒಟಿಪಿ ಕೇಳಿತು, ಮನುಷ್ಯ ಕೈಚೆಲ್ಲಿದ. ಇದನ್ನು ಭದ್ರತೆ ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಕಂಪ್ಯೂಟರ್ ಅಂಗಡಿಯವರಿಗೆ ಒಂದು ಮಾತು. ಗಿರಾಕಿಯ ನಂಬರ್ ಇಲ್ಲದಿದ್ದರೆ ಖಾತೆ ಮಾಡಬೇಡಿ, ನಾಳೆ ಬನ್ನಿ ಅನ್ನಿ. ಐಡಿ, ಪಾಸ್‌ವರ್ಡ್, ಜೋಡಿಸಿದ ನಂಬರ್, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಬೇಕಾದರೆ ಅದಕ್ಕೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇವೆ, ಸಂಜೆ ಹೊತ್ತು ಮಕ್ಕಳು ಬರುತ್ತಾರೆ. ಬ್ಯಾಕಪ್ ಕೋಡ್ ತೆಗೆಯುವುದನ್ನು ಎಂಟನೇ ಕ್ಲಾಸಿನ ಹುಡುಗಿಗೆ ಹೇಳಿಕೊಟ್ಟರೆ ಆಕೆ ಒಂದು ಬೀದಿಗೆ ಹೇಳಿಕೊಡುತ್ತಾಳೆ.

ಚೀಟಿ ಬರೆಯುವವರಿಗೆ ಕೆಲವು ಸಣ್ಣ ಸಂಗತಿಗಳು. ಬಾಲ್ ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಬರಹ ಒಂದು ಹನಿ ನೀರಿಗೆ ಹರಡುತ್ತದೆ. ಬಸ್ ಟಿಕೆಟ್ಟಿನ ಥರದ ಬಿಸಿ ಪ್ರಿಂಟ್ ಚೀಟಿ ಒಂದೆರಡು ವರ್ಷದಲ್ಲಿ ಅಳಿಸಿಹೋಗುತ್ತದೆ, ಅದನ್ನು ಲ್ಯಾಮಿನೇಶನ್ ಮಾಡಿಸಿದರೆ ಕಪ್ಪಾಗುತ್ತದೆ. ಸೊನ್ನೆ ಯಾವುದು, ಇಂಗ್ಲಿಷಿನ ಓ ಅಕ್ಷರ ಯಾವುದು ಎಂದು ತಿಳಿಯುವಂತೆ ಸೊನ್ನೆಗೆ ಅಡ್ಡಗೆರೆ ಎಳೆಯಿರಿ. ಯಾವ ಖಾತೆಯದು ಎಂದು ಪೂರ್ತಿ ಬರೆಯಬೇಡಿ, ನಿಮಗೂ ನಂಬಿದವರಿಗೂ ತಿಳಿಯುವ ಒಂದು ಗುರುತು ಸಾಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಬೇರೆ ಮನೆಯಲ್ಲಿ ಇರಲಿ. ಎರಡೂ ಒಂದೇ ಸೂರಿನಡಿ ಇದ್ದರೆ ಒಂದೇ ಮಳೆಗೆ ನೆನೆಯುತ್ತವೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಬೆಟ್ಟಕ್ಕೆ ಹೊರಡುವ ಮುಂಚೆ ಅಂದುಕೊಳ್ಳಿ, ಚೀಟಿ ತೆಗೆದು ಒಂದು ಕೋಡ್ ಬಳಸಿ ಬಾಗಿಲು ತೆರೆಯುತ್ತದೆಯೇ ನೋಡಿ. ಬಳಸಿದ ಕೋಡಿನ ಮೇಲೆ ಗೀಟು ಹಾಕಿ, ಉಳಿದ ಒಂಬತ್ತನ್ನು ಮತ್ತೆ ಅಲ್ಲೇ ಇಡಿ.